ಚಿಗರಿಯ ಊಟ

ಹೊಳೆಯ ದಂಡೆಯ ಮೇಲೆ ಒಂದು ಸಣ್ಣ ಆಶ್ರಮವಿತ್ತು. ನಾಲ್ಕು ಕೋಣೆ, ಒಂದು ಬಾವಿ, ಎರಡು ಆಕಳು. ಅಲ್ಲಿ ಬಾಳವ್ವ ಎಂಬ ತಾಯಿ ಇದ್ದರು. ಎಲ್ಲರೂ ಅವರನ್ನು ಅವ್ವಾರು ಎಂದೇ ಕರೆಯುತ್ತಿದ್ದರು.

ಒಂದು ದಿನ ಫಕೀರಪ್ಪ ಎಂಬುವನು ಅವರಲ್ಲಿಗೆ ಬಂದ. ಇಪ್ಪತ್ತೆರಡು ವರ್ಷ ಹೊಲಿಗೆ ಅಂಗಡಿ ನಡೆಸಿದವನು. ಹೆಂಡತಿ ತೀರಿಕೊಂಡ ಮೇಲೆ ಮಷೀನನ್ನು ತಮ್ಮನಿಗೆ ಕೊಟ್ಟು, ಎರಡು ಜೊತೆ ಬಟ್ಟೆ, ಒಂದು ಜಪಮಾಲೆ ತೆಗೆದುಕೊಂಡು ಊರು ಬಿಟ್ಟಿದ್ದ.

"ಮಂತ್ರ ಕೊಡ್ರಿ ಅವ್ವಾರ. ಮನಸ್ಸು ಒಂದು ಕಡೆ ನಿಲ್ಲವಲ್ದು," ಎಂದ.

"ಇರು, ನೋಡೂಣು," ಎಂದರು ಅವ್ವಾರು.

ಫಕೀರಪ್ಪ ಉಳಿದ. ಅಂಗಳ ಗುಡಿಸಿದ, ನೀರು ಸೇದಿದ, ತನಗೆ ತಿಳಿದಂತೆ ಶಿವನಾಮ ಜಪಿಸಿದ. ಒಂದು ತಿಂಗಳಾಯಿತು. ಅವ್ವಾರು ಮಂತ್ರದ ಮಾತೆತ್ತಲಿಲ್ಲ.

ಆಗ ಹೊಳೆಯ ಕಡೆಯಿಂದ ಒಂದು ನಾಯಿ ಬಂತು. ಕಂದು ಬಣ್ಣದ ಹೆಣ್ಣು ನಾಯಿ. ಇನ್ನೂ ವರ್ಷ ತುಂಬಿರಲಿಲ್ಲ. ಜಿಂಕೆಯಂಥ ಉದ್ದ ಕಾಲು, ಸಣ್ಣ ಕುತ್ತಿಗೆ, ಚರ್ಮದ ಕೆಳಗೆ ಬರೀ ಎಲುಬು.

"ಚಿಗರಿ ಮರಿ ಇದ್ದಂಗ ಐತಿ," ಎಂದರು ಅವ್ವಾರು. ಅದಕ್ಕೆ ಚಿಗರಿ ಎಂದೇ ಹೆಸರಾಯಿತು.

ಹಾಕಿದ ರೊಟ್ಟಿಯನ್ನು ಚಿಗರಿ ಗಬಗಬ ತಿಂದಿತು. ಸ್ವಲ್ಪ ಹೊತ್ತಿಗೆ ತಲೆ ಬಗ್ಗಿಸಿತು. ತಿಂದದ್ದೆಲ್ಲ ಇದ್ದ ಹಾಗೇ ಹೊರಗೆ ಬಿತ್ತು. ಅದನ್ನೇ ಮತ್ತೆ ತಿಂದಿತು. ಮತ್ತೆ ಹೊರಗೆ ಬಿತ್ತು.

"ಇದರ ಊಟ ಇನ್ನು ಮ್ಯಾಲೆ ನಿಂದು," ಎಂದರು ಅವ್ವಾರು ಫಕೀರಪ್ಪನಿಗೆ.

ಅವನು ರೊಟ್ಟಿ ಬಿಟ್ಟು ಅನ್ನ ಹಾಕಿದ. ಅನ್ನ ಬಿಟ್ಟು ಹಾಲು ಕೊಟ್ಟ. ತುಪ್ಪ ಕಲಸಿದ. ಹೆಚ್ಚು ಹಾಕಿದರೆ ಸ್ವಲ್ಪವಾದರೂ ಉಳಿಯಬಹುದು ಎಂದು ತಟ್ಟೆ ತುಂಬ ಹಾಕಿದ. ಏನು ಹಾಕಿದರೂ ಹೊರಗೆ ಬಂತು.

ಎಂಟು ದಿನ ಕಳೆದವು. ಚಿಗರಿ ಎದ್ದು ನಿಂತರೆ ಹಿಂಗಾಲು ನಡುಗತೊಡಗಿದವು.

"ಇದು ಉಳಿಯೂದಿಲ್ರಿ ಅವ್ವಾರ," ಎಂದ.

"ಉಳೀತದೋ ಇಲ್ಲೋ ಅಂತ ನಾ ಕೇಳಿಲ್ಲ. ಇವತ್ತು ಉಂಡೈತೇನು?"

"ಉಂಡೈತ್ರಿ. ಆದ್ರ ಹೊಟ್ಟಿಗೆ ಹೋಗಿಲ್ಲ."

"ಹಂಗಾದ್ರ ಉಂಡಿಲ್ಲ."

ಮರುದಿನ ಆಕಳಿಗೆ ಲಸಿಕೆ ಹಾಕಲು ದನದ ಡಾಕ್ಟರು ಬಂದರು. ಇನಾಮದಾರ ಎಂದು ಅವರ ಹೆಸರು. ಫಕೀರಪ್ಪ ಚಿಗರಿಯನ್ನು ಎತ್ತಿ ತಂದು ಅವರ ಮುಂದೆ ಇಟ್ಟ.

ಡಾಕ್ಟರು ಅದು ತಿನ್ನುವುದನ್ನು ನೋಡಿದರು. ಹೊರಗೆ ಬಿದ್ದದ್ದನ್ನೂ ಕಡ್ಡಿಯಿಂದ ಕೆದರಿ ನೋಡಿದರು.

"ಇದು ವಾಂತಿ ಅಲ್ಲಪ್ಪ. ಊಟ ಹೊಟ್ಟಿ ಮುಟ್ಟಿದ್ರಲ್ಲ ವಾಂತಿ! ಇದರ ಅನ್ನನಾಳ ಸಡಿಲ ಆಗೇತಿ. ನುಂಗಿದ್ದನ್ನ ಕೆಳಗ ನೂಕೂ ಶಕ್ತಿ ಇಲ್ಲ. ನಡುವನ ನಿಂತು ಹೊಳ್ಳಿ ಬರ್ತೈತಿ."

"ಔಷಧ ಕೊಡ್ರಿ."

"ಔಷಧದಿಂದ ಆಗೂ ಕೆಲಸ ಅಲ್ಲ ಇದು. ನೆಟ್ಟಗ ಕೂಡ್ರಿಸಿ ಉಣ್ಣಿಸ್ಬೇಕು, ಮನುಷ್ಯರು ಕೂತಂಗ. ಉಂಡ ಮ್ಯಾಲೂ ಇಪ್ಪತ್ತು ನಿಮಿಷ ಹಂಗ ಹಿಡಕೊಂಡಿರಬೇಕು. ತನ್ನ ಭಾರಕ್ಕ ತಾನ ಕೆಳಗ ಇಳೀತೈತಿ. ಮೆತ್ತಗಿನ ಊಟ, ಸ್ವಲ್ಪ ಸ್ವಲ್ಪ, ದಿನಕ್ಕ ನಾಕು ಹೊತ್ತು. ನೀರೂ ಹಂಗ."

"ಎಷ್ಟು ದಿನ ಮಾಡ್ಬೇಕ್ರಿ?"

"ಅದು ಇರೂ ತನಕ," ಎಂದು ಡಾಕ್ಟರು ಚೀಲ ಕಟ್ಟಿಕೊಂಡರು.

ಫಕೀರಪ್ಪ ಜೋಳದ ನುಚ್ಚನ್ನು ಕರಗುವ ಹಾಗೆ ಬೇಯಿಸಿದ. ಬೇಳೆ ಕಿವುಚಿ ಹಾಕಿ, ಹಾಲು ಬೆರೆಸಿದ. ಗೋಡೆಗೆ ಒರಗಿ ಕೂತು, ಚಿಗರಿಯನ್ನು ತೊಡೆಯ ನಡುವೆ ನೆಟ್ಟಗೆ ಕೂಡಿಸಿಕೊಂಡು, ಬೆರಳಲ್ಲಿ ಸ್ವಲ್ಪ ಸ್ವಲ್ಪ ತಿನ್ನಿಸಿದ. ಆಮೇಲೆ ಅದರ ಮುಂಗಾಲು ತನ್ನ ಹೆಗಲ ಮೇಲಿಟ್ಟು ಎದೆಗೆ ಆನಿಸಿ ಹಿಡಿದ.

ಚಿಗರಿ ಕೊಸರಿತು, ಪರಚಿತು. ಎರಡು ಸಲ ಕೈಯಿಂದ ಜಾರಿ ಓಡಿಹೋಗಿ ತಿಂದದ್ದನ್ನು ಕಕ್ಕಿತು. ಮೂರನೆಯ ಸಲ ಕೂತಿತು.

ಇಪ್ಪತ್ತು ನಿಮಿಷವಾದ ಮೇಲೆ ಕೆಳಗೆ ಬಿಟ್ಟ. ಅದು ಅಂಗಳ ಸುತ್ತಿತು, ಬಾಲ ಅಲ್ಲಾಡಿಸಿತು, ನೆರಳಲ್ಲಿ ಮಲಗಿತು. ಏನೂ ಹೊರಗೆ ಬರಲಿಲ್ಲ. ಫಕೀರಪ್ಪ ಅಲ್ಲೇ ನಿಂತು ಬಹಳ ಹೊತ್ತು ನೋಡಿದ.

ತಿಂಗಳೊಪ್ಪತ್ತಿನಲ್ಲಿ ಚಿಗರಿಯ ಎಲುಬಿನ ಮೇಲೆ ಮಾಂಸ ಬಂತು. ಆದರೆ ಫಕೀರಪ್ಪನ ಮುಖ ಸಣ್ಣದಾಗಿತ್ತು.

"ನಾಕು ಹೊತ್ತು ಇದನ್ನ ಹಿಡಕೊಂಡು ಕೂಡೂದು ಆಗೇತ್ರಿ. ನನ್ನ ಜಪ ಪೂರ್ತಿ ತಪ್ಪೇತಿ."

ಅವ್ವಾರು ಹಸಿ ಕಡಲೆ ಸುಲಿಯುತ್ತಿದ್ದರು. ಸುಲಿಯುತ್ತಲೇ ಇದ್ದರು.

ಫಕೀರಪ್ಪ ತಾನೇ ಒಂದು ಉಪಾಯ ಮಾಡಿದ. ಹಳೆಯ ಗೋಣಿಚೀಲ ಕತ್ತರಿಸಿ, ಒಳಗೆ ಧೋತರದ ಮೆತ್ತನೆಯ ಅಸ್ತರಿ ಕೊಟ್ಟು, ಕೊರಳಿಗೆ ತೂಗುಹಾಕುವ ಚೀಲ ಹೊಲಿದ. ಹಿಂಗಾಲಿಗೆ ಎರಡು ಕಿಂಡಿ, ಬೆನ್ನಿಗೆ ಗಟ್ಟಿ ಪಟ್ಟಿ. ಅದರಲ್ಲಿ ಕೂಡಿಸಿದರೆ ಚಿಗರಿ ಅವನ ಎದೆಯ ಮೇಲೆ ನೆಟ್ಟಗೆ ನಿಲ್ಲುತ್ತಿತ್ತು. ಅವನ ಎರಡೂ ಕೈ ಬಿಡುವಾದವು.

ಬಿಡುವಾದ ಕೈಗೆ ಜಪಮಾಲೆ ಬಂತು.

ಹೊಳೆಯ ಕಡೆ ಮುಖ ಮಾಡಿ ಕೂತು, ಕಣ್ಣು ಮುಚ್ಚಿ ಜಪ ಮಾಡತೊಡಗಿದ. ಎರಡು ವಾರ ಚೆನ್ನಾಗಿ ನಡೆಯಿತು. ಒಂದು ದಿನ ಮಧ್ಯಾಹ್ನ ಅವನ ಮನಸ್ಸು ಎಂದೂ ಇಲ್ಲದಷ್ಟು ನಿಂತಿತು. ಹೊಳೆಯ ಸದ್ದೂ ಕೇಳಲಿಲ್ಲ.

ಕಣ್ಣು ತೆರೆದಾಗ ಚೀಲದ ಒಂದು ಗಂಟು ಬಿಚ್ಚಿತ್ತು. ಚಿಗರಿ ಪಕ್ಕಕ್ಕೆ ವಾಲಿ, ತಲೆ ಕೆಳಗಾಗಿ ಜೋತು ಬಿದ್ದಿತ್ತು. ಅದರ ಗಂಟಲಲ್ಲಿ ಗೊರಗೊರ ಸದ್ದು. ಬಿಡಿಸಿ ಎತ್ತುವಷ್ಟರಲ್ಲಿ ಕೆಮ್ಮು ಶುರುವಾಯಿತು.

ಬೆಳಗಾಗುವಷ್ಟರಲ್ಲಿ ಅದಕ್ಕೆ ಜ್ವರ. ಡಾಕ್ಟರು ಮೋಟರ್ ಸೈಕಲ್ಲಿನ ಮೇಲೆ ಬಂದರು.

"ಊಟ ಉಸಿರಿನ ಕೊಳವಿಗೆ ಹೋಗೇತಿ. ನಿಮೋನಿಯಾ ಆಗೇತಿ," ಎಂದು ಸೂಜಿ ಚುಚ್ಚಿದರು. "ಮೂರು ದಿನ ನೋಡೂಣು. ನಾ ಏನೂ ಭರವಸೆ ಕೊಡೂದಿಲ್ಲ."

ಫಕೀರಪ್ಪ ಅವ್ವಾರ ಮುಂದೆ ಹೋಗಿ ನಿಂತ.

"ನನ್ನಿಂದ ತಪ್ಪಾತ್ರಿ."

"ಆಗ ಏನು ಮಾಡಾಕತ್ತಿದ್ದಿ?"

"ಜಪ ಮಾಡಾಕತ್ತಿದ್ದೆ."

"ಮನಸ್ಸು ನಿಂತಿತ್ತೇನು?"

"ನಿಂತಿತ್ರಿ. ಎಂದೂ ಅಷ್ಟು ನಿಂತಿರಲಿಲ್ಲ."

"ನಾಯಿ ನಿಂತಿತ್ತೇನು?"

ಫಕೀರಪ್ಪ ಚಿಗರಿ ಮಲಗಿದ್ದ ಕಡೆ ನೋಡಿದ.

"ಆ ಚೀಲ ನಾಯಿ ನಿಲ್ಲಲಿ ಅಂತ ಹೊಲದ್ಯೋ, ನಿನ್ನ ಕೈ ಬಿಡುವಾಗಲಿ ಅಂತ ಹೊಲದ್ಯೋ?"

ಅವನು ಕೊರಳಿಂದ ಜಪಮಾಲೆ ತೆಗೆದು ಅವ್ವಾರ ಪಾದದ ಹತ್ತಿರ ಇಟ್ಟ. "ಇದು ನನಗ ಬ್ಯಾಡ್ರಿ ಇನ್ನ."

ಅವ್ವಾರು ಅದನ್ನು ಎತ್ತಿ ಅವನ ಕೈಗೇ ಹಾಕಿದರು.

"ಮಾಲಿ ಏನು ಮಾಡೇತಿ ಪಾಪ? ಅದರ ಹೊತ್ತು ಅದಕ್ಕ ಕೊಡು. ನಾಯಿ ಹೊತ್ತು ನಾಯಿಗೆ ಕೊಡು. ಹೋಗು, ಅದು ಒಂದ ಐತಿ ಅಲ್ಲಿ."

ಮೂರು ದಿನ ಅವನು ಚಿಗರಿಯ ಪಕ್ಕದಿಂದ ಏಳಲಿಲ್ಲ. ಅದರ ಪಕ್ಕೆ ಏರಿ ಇಳಿಯುವುದನ್ನೇ ನೋಡುತ್ತ ಕೂತ. ಒದ್ದೆ ಬಟ್ಟೆಯಿಂದ ನಾಲಿಗೆ ತೋಯಿಸಿದ. ಡಾಕ್ಟರು ದಿನಾ ಬಂದು ಸೂಜಿ ಕೊಟ್ಟು, ಚರ್ಮದ ಕೆಳಗೆ ಸಲೈನು ಹಾಕಿ ಹೋದರು.

ನಾಲ್ಕನೆಯ ದಿನ ಬೆಳಿಗ್ಗೆ ಚಿಗರಿ ತಲೆ ಎತ್ತಿ ಅವನ ಬೆರಳು ಮೂಸಿತು. ಅವನು ನುಚ್ಚು ತಂದ. ನೆಟ್ಟಗೆ ಕೂಡಿಸಿ ಮೂರು ಬೆರಳಿನಷ್ಟು ತಿನ್ನಿಸಿ, ಎದೆಗೆ ಆನಿಸಿ ಹಿಡಿದ. ಚೀಲವನ್ನೂ ಕಟ್ಟಿದ್ದ; ಆದರೆ ಕೈ ಬಿಡಲಿಲ್ಲ. ಅಂಗೈ ಅದರ ಕುತ್ತಿಗೆಯ ಕೆಳಗಿತ್ತು. ಊಟ ಇಳಿಯುವುದು ಅವನ ಕೈಗೆ ತಿಳಿಯಿತು. ಮೊದಲು ನಿಂತಿತು, ಆಮೇಲೆ ತುಸು ಜಾರಿತು, ಆಮೇಲೆ ಹೋಯಿತು.

ಅವನು ಗೋಡೆಯ ಕಡೆ ಮುಖ ತಿರುಗಿಸಿದ. ಅಡಿಗೆಯವಳು ಯಮನವ್ವ ಏನಾಯಿತೆಂದು ಕೇಳಿದರೂ ತಿರುಗಲಿಲ್ಲ.

ಆಮೇಲೆ ಆರು ವರ್ಷ ಚಿಗರಿ ಬದುಕಿತು. ಊಟದ ಹೊತ್ತಿಗೆ ತಾನೇ ಬಂದು, ಫಕೀರಪ್ಪನ ಮುಂದೆ ಹಿಂಗಾಲ ಮೇಲೆ ಕೂತು ಕುತ್ತಿಗೆ ಚಾಚುತ್ತಿತ್ತು. ಅದನ್ನು ಬಿಟ್ಟು ಅವನು ಬೇರೆ ಊರಿಗೆ ಹೋಗಲಿಲ್ಲ. ತಮ್ಮನ ಮಗಳ ಮದುವೆಗೆ ಹೋದಾಗಲೂ ಚಿಗರಿಯನ್ನೂ ಚೀಲವನ್ನೂ ಹೊತ್ತುಕೊಂಡೇ ಹೋದ.

ಆಶ್ರಮಕ್ಕೆ ಬಂದವರೊಬ್ಬರು ಒಮ್ಮೆ ಕೇಳಿದರು, "ಇಷ್ಟು ವರ್ಷ ಅವ್ವಾರ ಹತ್ತಿರ ಇದ್ದೀರಿ. ಏನು ಕಲಿತಿರಿ?"

ಫಕೀರಪ್ಪ ನಿಜವಾಗಿಯೂ ಯೋಚಿಸಿ ಹೇಳಿದ, "ನುಚ್ಚು ಎಷ್ಟು ಗಟ್ಟಿ ಇರಬೇಕು ಅಂತ ಕಲಿತೀನ್ರಿ."

ಆರನೆಯ ವರ್ಷದ ಬೇಸಿಗೆಯಲ್ಲಿ ಚಿಗರಿ ಬೇವಿನ ಗಿಡದ ಕೆಳಗೆ ಮಲಗಿತು, ಮತ್ತೆ ಏಳಲಿಲ್ಲ. ಯಾವ ನರಳಾಟವೂ ಇರಲಿಲ್ಲ. ಫಕೀರಪ್ಪ ದಂಡೆಯ ಮೇಲೆ ಕುಣಿ ತೋಡಿ, ಚೀಲದ ಸಮೇತ ಮಣ್ಣು ಮಾಡಿ, ಹೊಳೆಯಲ್ಲಿ ಮುಳುಗಿ ಬಂದ.

ಮರುದಿನ ಬೆಳಿಗ್ಗೆ ಅವ್ವಾರು ಕೋಲು ಊರಿಕೊಂಡು ಅಡಿಗೆಮನೆಗೆ ಬಂದರು. ಫಕೀರಪ್ಪ ಒಲೆಯ ಮುಂದೆ ನಿಂತಿದ್ದ. ಕೈಯಲ್ಲಿ ಬಟ್ಟಲು. ಬಟ್ಟಲಲ್ಲಿ ಬಿಸಿ ನುಚ್ಚು.

"ಯಾರಿಗೆ?" ಎಂದರು.

"ಗೊತ್ತಿಲ್ರಿ ಅವ್ವಾರ. ಎದ್ದೆ, ಕೈ ಮಾಡಿಬಿಡ್ತು."

ಅವ್ವಾರು ಗೋಡೆಗೆ ಒರಗಿ ನಿಧಾನಕ್ಕೆ ನೆಲದ ಮೇಲೆ ಕೂತರು. ಕೈ ಚಾಚಿದರು. ಆ ಕೈ ನಡುಗುತ್ತಿತ್ತು. ಫಕೀರಪ್ಪ ಅದನ್ನು ಅಂದೇ ಮೊದಲ ಸಲ ನೋಡಿದ. ಎಷ್ಟೋ ದಿನದಿಂದ ಅವರ ತಟ್ಟೆಯಲ್ಲಿ ರೊಟ್ಟಿ ಮುರಿಯದೆ ಹಾಗೇ ಉಳಿಯುತ್ತದೆ ಎಂದು ಯಮನವ್ವ ಹೇಳಿದ್ದು ಈಗ ಅವನ ತಲೆಗೆ ಹೋಯಿತು.

ಅವನು ಅವರ ಪಕ್ಕದಲ್ಲಿ ಕೂತು ಬಟ್ಟಲು ಹಿಡಿದ. ಅವ್ವಾರು ಒಂದು ತುತ್ತು ಬಾಯಿಗೆ ಹಾಕಿಕೊಂಡರು. ಇನ್ನೊಂದು ಹಾಕಿಕೊಂಡರು. ಬಟ್ಟಲು ಅರ್ಧ ಆಯಿತು.

"ಹೆಂಗೈತ್ರಿ?" ಎಂದ ಫಕೀರಪ್ಪ.

"ಚಲೋ ಐತಿ. ನಾಳಿಂದ ಚೂರು ಉಪ್ಪು ಹಾಕು."