ಅಣ್ಣ ಬಿದ್ದ ಮಡು

ಬಂಡೆಹಾಳದ ಅಗಸೆಬಾಗಿಲು ದಾಟಿ ಪಡುವಣ ಗುಡ್ಡದ ಕಡೆ ಹೊರಟರೆ, ಜೋಳದ ಹೊಲಗಳು ಮುಗಿಯುವಲ್ಲಿ ನೆಲ ಕೆಂಪು ಬಂಡೆಯಾಗುತ್ತದೆ. ಅಲ್ಲಿಂದಾಚೆಗೆ ಹಳ್ಳದಮನಿ ಮನೆತನದ ಹೊಲ. ಹೊಲ ಎಂದು ಹೆಸರಿಗೆ ಹೇಳಬೇಕು, ಅಲ್ಲಿ ಕಣ್ಣಿಗೆ ಬೀಳುವುದೆಲ್ಲ ನೀರೇ. ಗುಡ್ಡದ ಬಿರುಕಿನಿಂದ ಇಳಿಯುವ ಹಳ್ಳ ಮೊದಲು ಒಂದು ದೊಣೆಯಲ್ಲಿ ತಂಗುತ್ತದೆ. ಬಂಡೆಯಲ್ಲಿ ತಾನಾಗಿಯೇ ಆದ, ಮೊಣಕಾಲು ಮುಳುಗುವಷ್ಟೇ ಆಳದ ಆ ದೊಣೆ ಎಳೆಯ ಮಕ್ಕಳ ಪಾಲಿನದು. ಅದು ತುಂಬಿ ಹೊರಬಿದ್ದ ನೀರು ಎರಡು ಕವಲಾಗಿ, ಒಂದು ಹೊಂಗೆಯ ಬೇರುಗಳ ಸಂದಿಯಲ್ಲಿ ನುಸುಳಿ, ಇನ್ನೊಂದು ಮರಳಿನ ಮೇಲೆ ತೆಳ್ಳಗೆ ಹರಡಿ, ಕೊನೆಗೆ ಎರಡೂ ಕೂಡಿ ಬಂಡೆಗಳ ನಡುವಿನ ದೊಡ್ಡ ಮಡುವಿಗೆ ಧುಮುಕುತ್ತವೆ. ಈ ಮಡುವಿಗೆ ಜನ ‘ಅಣ್ಣ ಬಿದ್ದ ಮಡು’ ಎನ್ನುತ್ತಾರೆ. ಹೆಸರು ಕೇಳಿದ ಹೊರಗಿನವರು ಮುಖ ಸಣ್ಣದು ಮಾಡಿಕೊಳ್ಳುತ್ತಾರೆ. ಕೆಲವರು ಚಪ್ಪಲಿ ಬಿಟ್ಟು ಕೈ ಮುಗಿದದ್ದೂ ಉಂಟು. ಅಯ್ಯೋ, ಅಂಥದ್ದೇನೂ ಆಗಿಲ್ಲ. ಅಣ್ಣ ಬಿದ್ದದ್ದು ನಿಜ. ಬಿದ್ದ ಮೇಲೆ ಅವನು ಮೊಮ್ಮಕ್ಕಳ ಮದುವೆಯ ಊಟ ಉಂಡದ್ದೂ ಅಷ್ಟೇ ನಿಜ.

ಹಿಂದೆ ಒಮ್ಮೆ, ಆರೇಳು ತಲೆಮಾರುಗಳ ಆಚೆ, ಈ ಹೊಲ ಗೂಳಪ್ಪನೆಂಬ ಹಿರಿಮಗನ ಕೈಯಲ್ಲಿತ್ತು. ತಂದೆ ತೀರಿಕೊಂಡಾಗ ಅವನಿಗಿನ್ನೂ ಮೀಸೆ ಸರಿಯಾಗಿ ಮೂಡಿರಲಿಲ್ಲ ಎನ್ನುತ್ತಾರೆ. ಅಂದು ಹೆಗಲಿಗೆ ಬಿದ್ದ ನೊಗವನ್ನು ಅವನು ಒಂದು ದಿನವೂ ಇಳಿಸಲಿಲ್ಲ. ಕಲ್ಲು ಆಯ್ದ, ಒಡ್ಡು ಹಾಕಿದ, ತಮ್ಮಂದಿರನ್ನು ಬೆಳೆಸಿದ, ತಂಗಿ ಬಾಳವ್ವನನ್ನು ಒಳ್ಳೆಯ ಮನೆಗೆ ಕೊಟ್ಟ. ಆದರೆ ನಗುವುದನ್ನು ಎಲ್ಲಿಟ್ಟನೋ ಮರೆತುಬಿಟ್ಟ. ಹಬ್ಬದ ದಿನವೂ ಅವನು ಊಟಕ್ಕೆ ಕೂತರೆ ಹೊಲದ ಲೆಕ್ಕವೇ ಬಾಯಿಗೆ ಬರುತ್ತಿತ್ತು. ಮಡುವಿನ ದಂಡೆಯಲ್ಲಿ ಹಾದು ಹೋಗುವಾಗ ನೀರಿನತ್ತ ತಿರುಗಿಯೂ ನೋಡುತ್ತಿರಲಿಲ್ಲ. ಮನೆಯಲ್ಲಿ ಮಕ್ಕಳ ಗದ್ದಲ ಹೆಚ್ಚಾಗಿ ಕಾಳು ಸಾಲದೆ ಬಂದ ವರ್ಷ ಅವನ ತಲೆಗೊಂದು ಯೋಚನೆ ಹೊಕ್ಕಿತು. ಮಡುವಿನ ತಳದಲ್ಲಿ ಎಷ್ಟೋ ಕಾಲದಿಂದ ಗುಡ್ಡದ ಮೆಕ್ಕಲು ಮಣ್ಣು ಕೂತಿದೆ; ಕೆಳಗಿನ ಅಂಚಿನ ಬಂಡೆಯನ್ನು ಒಡೆದು ನೀರು ಹರಿಯಬಿಟ್ಟರೆ ಮುಂದಿನ ಬಿತ್ತನೆಗೆ ಹೊಸ ಹೊಲ ಸಿದ್ಧ. ಬಂಡೆಯನ್ನು ಬೆಂಕಿಯಲ್ಲಿ ಕಾಯಿಸಿ, ತಣ್ಣೀರು ಸುರಿದು ಬಿರುಕು ಬಿಡಿಸಿ, ಆಮೇಲೆ ಸುತ್ತಿಗೆ ಹಾಕುವುದು ಅಂದಿನ ರೂಢಿ. ಅದಕ್ಕೆಂದು ಬಂಡಿಗಟ್ಟಲೆ ಕಟ್ಟಿಗೆ ತಂದು ಅಂಚಿನ ಮೇಲೆ ಒಟ್ಟಿಸಿದ. ಅಷ್ಟರಲ್ಲಿ ನಾಗರ ಪಂಚಮಿ ಬಂತು. ಪಂಚಮಿಯಂದು ಯಾರೂ ನೆಲ ಅಗೆಯುವುದಿಲ್ಲ, ಕಲ್ಲು ಮೀಟುವುದಿಲ್ಲ. ಗೂಳಪ್ಪ ಹಲ್ಲು ಕಚ್ಚಿಕೊಂಡು ಕೆಲಸವನ್ನು ಹಬ್ಬದ ಮರುದಿನಕ್ಕೆ ಇಟ್ಟುಕೊಂಡ.

ಪಂಚಮಿಗೆ ತವರಿಗೆ ಬಂದಳು ಬಾಳವ್ವ. ಅವಳನ್ನು ಕೊಟ್ಟದ್ದು ದೂರದ ಕಪ್ಪುಮಣ್ಣಿನ ಎರೆಸೀಮೆಗೆ. ಅಲ್ಲಿ ಬಂಗಾರದಂಥ ಬೆಳೆ ಬರುತ್ತದೆ, ಬಾವಿಯ ನೀರು ಮಾತ್ರ ಸವಳು. ಮಿಂದರೆ ಮೈ ಬೆಳ್ಳಗಾಗುತ್ತದೆ. ವರ್ಷವಿಡೀ ಅವಳು ಒಂದು ದಿನವನ್ನೇ ನೆನೆಸಿಕೊಂಡು ನೀರು ಸೇದುತ್ತಿದ್ದಳು. ಬಂಡಿ ಹೊಲದ ಬದುವಿಗೆ ಬಂದದ್ದೇ ತಡ, ಹಬ್ಬದ ಉಂಡಿಯ ಗಂಟನ್ನು ಬಂಡಿಯಲ್ಲೇ ಬಿಟ್ಟು ಹಾರಿ ಇಳಿದಳು. ಮಡುವಿಗೆ ಹೋಗುವ ದಾರಿಯಲ್ಲಿ ದೊಣೆಗೊಮ್ಮೆ ಕಾಲು ಅದ್ದಿದಳು, ಮರಳಿನ ಕವಲಿನಲ್ಲಿ ಪಾದ ಹೂತು ಮೀನಮರಿಗಳು ಬೆರಳು ಕಚ್ಚುವಾಗ ಕಿಲಕಿಲ ನಕ್ಕಳು, ಹೊಂಗೆಯ ಬೇರಿನ ಕೆಳಗೆ ಕೈ ಹಾಕಿ ಏಡಿಯೊಂದನ್ನು ಕೆಣಕಿ ಬೆರಳು ಚಿವುಟಿಸಿಕೊಂಡಳು. ಮದುವೆಯಾದ ಹೆಂಗಸು ಎಂಬ ಪರಿವೆಯೇ ಇರಲಿಲ್ಲ ಅನ್ನಿ. ಆ ಸಡಗರದಲ್ಲೇ ಮಡುವಿಗೆ ಬಂದವಳು ಅಂಚಿನ ಮೇಲಿನ ಕಟ್ಟಿಗೆಯ ಒಟ್ಟಿಲನ್ನು ನೋಡಿದಳು. ಗಂಡ ಮಡು ಒಡೆಯಲು ಹೊರಟ ವಿಷಯವನ್ನು ಅತ್ತಿಗೆ ಕಾಶವ್ವ ಹೇಳಿದಳು. ಈ ನೀರು ಹೋದರೆ ಅವಳಿಗೆ ತವರೆಂದು ಬರಲು ಇನ್ನೇನು ಉಳಿಯುತ್ತಿತ್ತು? ಅದಕ್ಕಿಂತ ದೊಡ್ಡ ಸಂಕಟ ಇನ್ನೊಂದಿತ್ತು. ಇದೇ ಮಡುವಿನಲ್ಲಿ ಒಣ ಸೋರೆಬುರುಡೆ ಬೆನ್ನಿಗೆ ಕಟ್ಟಿ ಅವಳಿಗೆ ಈಜು ಕಲಿಸಿದವನು ಗೂಳಪ್ಪನೇ. ಮೇಲಿನ ಬಂಡೆಯಿಂದ ಲಾಗ ಹಾಕಿ, ಇಡೀ ಗುಡ್ಡಕ್ಕೆ ಕೇಳುವಂತೆ ಕೂಗುತ್ತಿದ್ದ ಆ ಅಣ್ಣನನ್ನು ಅವಳು ಮರೆತಿರಲಿಲ್ಲ. ಮರೆತವನು ಅವನೊಬ್ಬನೇ.

“ಅಣ್ಣಾ, ಮಡು ಒಡೀತಿ ಅಂತಲ್ಲ, ಖರೇನ?” ಎಂದು ಕೇಳಿದಳು.

“ಖರೆ. ನೀರಾಗ ಒದ್ದಾಡಿದ್ರ ಹೊಟ್ಟಿ ತುಂಬತೈತೇನು? ತಳದಾಗ ಹೊನ್ನಿನಂಥಾ ಮಣ್ಣೈತಿ,” ಎಂದ ಗೂಳಪ್ಪ.

ಅತ್ತು ಕರೆದು ಮಾಡಿದರೆ ಅಣ್ಣ ಕರಗುವವನಲ್ಲ ಎಂದು ಬಾಳವ್ವನಿಗೆ ಗೊತ್ತಿತ್ತು. ಅವನು ತಪ್ಪಿಸಿಕೊಳ್ಳಲಾಗದ್ದು ಒಂದೇ ಇತ್ತು. ಪಂಚಮಿಯೆಂದರೆ ಈ ಸೀಮೆಯಲ್ಲಿ ಪಂಥದ ಹಬ್ಬ. ನಿಂಬೆಹಣ್ಣು ಎಸೆಯುವ ಪಂಥ, ಕಣ್ಣು ಕಟ್ಟಿಕೊಂಡು ನಡೆಯುವ ಪಂಥ. ಆ ದಿನ ಯಾರು ಕರೆದರೂ ಒಲ್ಲೆ ಎಂದವನನ್ನು ಊರು ವರ್ಷವಿಡೀ ಆಡಿಕೊಳ್ಳುತ್ತದೆ. ಮಡುವಿನ ದಂಡೆಯ ಬಸರಿ ಮರಕ್ಕೆ ಪುಂಡಿನಾರಿನ ಹಗ್ಗದ ಜೋಕಾಲಿ ಕಟ್ಟಿದ್ದರು. ಜೀಕಿದರೆ ಅದು ನೀರಿನ ಮೇಲೆ ಹೋಗಿ ಬರುತ್ತಿತ್ತು. ಎದುರು ದಂಡೆಯಿಂದ ನೇರಳೆಯ ಕೊಂಬೆಯೊಂದು ನೀರಿನ ಮೇಲೆ ಬಾಗಿತ್ತು. ಅದನ್ನು ಅದುವರೆಗೆ ಯಾವ ಜೋಕಾಲಿಯೂ ಮುಟ್ಟಿರಲಿಲ್ಲ. ನೆರೆದವರೆಲ್ಲರ ಮುಂದೆ ಬಾಳವ್ವ ಸೆರಗು ಬಿಗಿದು ನಿಂತಳು.

“ಜೋಕಾಲಿ ಮ್ಯಾಲಿಂದ ಆ ನೇರಳಿ ಎಲಿ ಹರಕೊಂಡ್ರ ಮಡು ಉಳೀಬೇಕು. ಹರೀದಿದ್ರ ನಾಳೆ ಮದಲ್ನೇ ಏಟು ನಾನ ಹಾಕತೀನಿ.”

ಅಷ್ಟೆತ್ತರ ಹೋಗಲು ಇಬ್ಬರು ಎದುರುಬದುರು ನಿಂತು ಜೀಕಬೇಕು. ಮನೆಯ ಯಜಮಾನನಿಗೆ ಎದುರಾಗಿ ತಂಗಿಯ ಜೊತೆ ನಿಲ್ಲಲು ಒಬ್ಬರಿಗೂ ಧೈರ್ಯವಿರಲಿಲ್ಲ. ಕಾಶವ್ವನೂ ಗಂಡನ ಮುಖ ನೋಡಿ ಹಿಂದೆ ಸರಿದಳು. ಜನ ಒಳಗೊಳಗೇ ಗುಸುಗುಸು ಶುರುಮಾಡಿದರು. ಜೊತೆಗಾರ್ತಿಯರನ್ನು ಹೆದರಿಸಿ ಗೆದ್ದ ಎಂಬ ಮಾತನ್ನು ಗೂಳಪ್ಪ ಹೇಗೆ ತಡೆದಾನು? “ನಾನ ನಿಲ್ಲತೀನಿ, ಬಾ,” ಎಂದು ಮಣೆ ಹತ್ತಿದ. ಹತ್ತುವಾಗ ಒಂದು ಜಾಣತನ ಮಾಡಿದ. ನೀರಿನ ಕಡೆ ಮುಖ ಮಾಡಿ ತಾನೇ ನಿಂತ. ಎಲೆ ಸಿಕ್ಕರೆ ಆ ಕಡೆ ಮುಖ ಮಾಡಿ ನಿಂತವರ ಕೈಗೇ ಸಿಗಬೇಕು, ತಾನು ಕೈ ಚಾಚದಿದ್ದರೆ ಆಯಿತು; ಅದಕ್ಕೂ ಮೊದಲು ತಾನು ಕಂಬದ ಹಾಗೆ ನಿಂತರೆ ಜೋಕಾಲಿ ಅಷ್ಟು ದೂರ ಹೋಗುವುದೇ ಇಲ್ಲ. ಬಾಳವ್ವನಿಗೆ ಈ ಲೆಕ್ಕ ತಕ್ಷಣ ಹೊಳೆಯಿತು. ಆದರೂ ಅವಳು ತಕರಾರು ತೆಗೆಯದೆ ನೇರಳೆಗೆ ಬೆನ್ನು ಕೊಟ್ಟು ನಿಂತಳು. ಅವಳು ಪಂಥ ಕಟ್ಟಿದ್ದು ಜೋಕಾಲಿಯನ್ನು ನಂಬಿ. ಈಗ ಅಣ್ಣನನ್ನು ನಂಬಿದಳು.

ತಮ್ಮಂದಿರು ಹಗ್ಗ ಹಿಡಿದು ತಳ್ಳಿದರು. ಮೊದಲ ಸಲ ನೀರಿನ ಮೇಲೆ ಹೋಗಿ ಬಂದಾಗ ಗೂಳಪ್ಪ ಕಂಬವಾಗಿಯೇ ಇದ್ದ. ಎರಡನೆಯ ಸಲ ಬಾಳವ್ವ ಮೈಯೆಲ್ಲ ಬಾಗಿಸಿ ಜೀಕಿದಳು. ಮಣೆ ಒಮ್ಮೆಲೇ ಮೇಲೆದ್ದಿತು. ಜೋಕಾಲಿಯ ಮೇಲೆ ಕಂಬವಾಗಿ ನಿಲ್ಲುವುದು ಯಾರಿಂದಲೂ ಆಗದ ಕೆಲಸ. ಮಂಡಿ ತಾನಾಗಿ ಬಾಗಿತು, ಬಾಗಿದ ಮಂಡಿ ತಾನಾಗಿ ಒದ್ದಿತು. ಕೆಳಗೆ ಶ್ರಾವಣದ ನೀರು ಮಿರಿಮಿರಿ ಮಿಂಚುತ್ತ ಬಂದು ಹೋಗುತ್ತಿತ್ತು. ಹೊಟ್ಟೆಯಲ್ಲಿ ಕಚಗುಳಿಯಿಟ್ಟಂತಾಯಿತು. ಬಾಳವ್ವ ಅಣ್ಣನ ಮುಖವನ್ನೇ ನೋಡುತ್ತಿದ್ದಳು. ಬಿಗಿದ ದವಡೆ ಸಡಿಲಿತು, ಹುಬ್ಬು ಮೇಲೇರಿತು, ಕಣ್ಣಿಗೆ ಹಳೆಯ ತುಂಟತನ ಬಂತು. ನೋಡುನೋಡುತ್ತಿದ್ದಂತೆ ಅವನು ಗುಡ್ಡಕ್ಕೆಲ್ಲ ಕೇಳುವಂತೆ ಕೂಗಿದ: “ಜೀಕ ಬಾಳೀ, ಜೀಕ! ಇನ್ನೊಂದೀಟ!”

ದಂಡೆಯ ಜನ ಹುಚ್ಚೆದ್ದು ಕೂಗತೊಡಗಿದರು. ಅಣ್ಣ ತಂಗಿ ಇಬ್ಬರೂ ಒಂದೇ ಉಸಿರಿನಲ್ಲಿ ಜೀಕಿದರು, ಹಗ್ಗ ಕಿರುಗುಟ್ಟಿತು, ಬಸರಿ ಮರ ಅಲುಗಾಡಿತು. ನೇರಳೆಯ ಕೊಂಬೆ ಮೊಳ ದೂರಕ್ಕೆ ಬಂತು, ಗೇಣಿಗೆ ಬಂತು. ಆಗ ಗೂಳಪ್ಪನಿಗೆ ಹೊಸ ಹೊಲವೂ ನೆನಪಿರಲಿಲ್ಲ, ತಾನು ಯಾರ ಕಡೆಯವನು ಎಂಬುದೂ ನೆನಪಿರಲಿಲ್ಲ. ಒಂದು ಕೈ ಬಿಟ್ಟು, ಮೈ ಚಾಚಿ, ಗಬಕ್ಕನೆ ಎಲೆ ಹರಿದ. ಹರಿದದ್ದೇ ಇನ್ನೊಂದು ಕೈ ಜಾರಿತು. ಧಡಾರನೆ ಮಡುವಿನ ನಡುವೆ ಬಿದ್ದ. ನೀರು ದಂಡೆಯ ತನಕ ಎಗರಿ ಕಾಶವ್ವನ ಹೊಸ ಸೀರೆ ನೆನೆಯಿತು. ಅವಳು ಕಿಟಾರನೆ ಕಿರುಚಿದಳು. ಮಡುವಿಗಿಳಿದು ಎಷ್ಟೋ ವರ್ಷಗಳಾಗಿದ್ದ ಮನುಷ್ಯ! ಬಾಳವ್ವ ಒಂಟಿಯಾಗಿ ತೂಗುತ್ತಿದ್ದಳು. ತಾನೇ ಅಣ್ಣನನ್ನು ಕೊಂದೆನೇ ಎಂದು ಅವಳು ಬಗ್ಗಿ ನೀರಿನಲ್ಲಿ ಅವನ ತಲೆಯನ್ನು ಹುಡುಕಿದಳು. ನೀರು ಗುಳುಗುಳು ಎಂದಿತು. ಗೂಳಪ್ಪನ ತಲೆ ಮೇಲೆ ಬಂತು. ಹಲ್ಲಿನ ನಡುವೆ ನೇರಳೆಯ ಎಲೆಯಿತ್ತು. ಅದನ್ನು ಉಗುಳಿ, ಮೂಗಿನ ನೀರು ಸೀನಿ, ಅವನು ನಕ್ಕ. ಎಂಥ ನಗು ಎನ್ನುತ್ತೀರಿ! ಅವನ ಮಕ್ಕಳು ಅಪ್ಪನ ನಗು ಕೇಳಿದ್ದು ಅದೇ ಮೊದಲು. ಸಣ್ಣದು ಹೆದರಿ ಅಳಲು ಶುರುಮಾಡಿತಂತೆ.

“ಇನ್ನೊಮ್ಮಿ!” ಎಂದ ಗೂಳಪ್ಪ.

“ಪಂಥ ಮುಗೀತಲ್ಲೋ ಅಣ್ಣಾ, ನೀ ಸೋತಿ,” ಎಂದಳು ಬಾಳವ್ವ, ಕಣ್ಣೊರೆಸಿಕೊಳ್ಳುತ್ತ.

“ಪಂಥಕ್ಕ ಬೆಂಕಿ ಹಚ್ಚು. ಹಗ್ಗ ಈ ಕಡಿ ತಳ್ಳು!”

ಆ ದಿನ ಹೊತ್ತು ಮುಳುಗುವ ತನಕ ಅವನು ಮಡು ಬಿಟ್ಟು ಕದಲಲಿಲ್ಲ. ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಎತ್ತಿ ನೀರಿಗೆ ಹಾಕಿಕೊಂಡ, ತಮ್ಮಂದಿರನ್ನು ಕಾಲು ಹಿಡಿದು ಎಳೆದ, ಮೇಲಿನ ಬಂಡೆಯಿಂದ ಲಾಗ ಹಾಕಿ ಹೊಟ್ಟೆ ಕೆಂಪಗೆ ಮಾಡಿಕೊಂಡ. ಚಳಿಗೆ ಗಡಗಡ ನಡುಗುತ್ತ ಎಲ್ಲರೂ ಮೇಲೆ ಬಂದಾಗ, ಬಂಡೆ ಕಾಯಿಸಲು ಒಟ್ಟಿದ ಕಟ್ಟಿಗೆಯನ್ನು ಅವನೇ ದಂಡೆಗೆ ತಂದು ಬೆಂಕಿ ಹಾಕಿದ. ಅದರ ಸುತ್ತ ಕೂತು ಇಡೀ ಮನೆ ಮೈ ಕಾಯಿಸಿಕೊಳ್ಳುತ್ತ ಪಂಚಮಿಯ ಅಳ್ಳಿಟ್ಟು ತಿಂದಿತು. ಕಾಳಿನ ಕೊರತೆ ಮರುದಿನವೂ ಇತ್ತು, ಸುಳ್ಳೇಕೆ? ಗೂಳಪ್ಪ ಮೇಲಿನ ಗುಡ್ಡದ ಮಗ್ಗುಲಲ್ಲಿ ಕಲ್ಲು ಆಯ್ದು ಹೊಸದೊಂದು ತುಂಡು ಹೊಲ ಮಾಡಿದ. ದುಡಿಮೆ ದುಪ್ಪಟ್ಟಾಯಿತು. ದುಡಿದು ದಿನವೂ ಮಡುವಿಗೆ ಇಳಿದ.

ಅಂದು ನಡೆದದ್ದೇನು ಎಂಬುದಕ್ಕೆ ಊರಲ್ಲಿ ಎರಡು ಮಾತುಗಳಿವೆ. ಗಂಡನ ಮಾನ ಕಾಯಲು ಕಾಶವ್ವ, ಅವರು ಬೀಳಲಿಲ್ಲ, ಬೇಕೆಂದೇ ಹಾರಿದರು ಎಂದು ಕೊನೆಯವರೆಗೂ ಸಾಧಿಸಿದಳಂತೆ. ಬಾಳವ್ವನ ಕಡೆಯವರು, ಬಿದ್ದದ್ದೇ ಸೈ ಎಂದು ಪಟ್ಟು ಹಿಡಿದು ಮಡುವಿಗೆ ಆ ಹೆಸರನ್ನೇ ನಿಲ್ಲಿಸಿದರು. ಮುಪ್ಪಿನಲ್ಲಿ ಮೊಮ್ಮಗಳೊಬ್ಬಳು ನೇರವಾಗಿ ಗೂಳಪ್ಪನನ್ನೇ ಕೇಳಿದಾಗ ಅವನು ಬೊಚ್ಚುಬಾಯಲ್ಲಿ ನಕ್ಕು, “ಮದಲ್ನೇದು ಬಿದ್ದದ್ದು ಬೇ. ಉಳದದ್ದೆಲ್ಲಾ ಹಾರಿದ್ದು,” ಎಂದನೆಂದು ಹೇಳುತ್ತಾರೆ.

ಇಂದಿಗೂ ಹಳ್ಳದಮನಿಯಲ್ಲಿ ಪಂಚಮಿಯ ಜೋಕಾಲಿಯನ್ನು ಮೊದಲು ಹತ್ತಬೇಕಾದವನು ಮನೆಯ ಹಿರಿಯಣ್ಣ; ಅವನನ್ನು ತಳ್ಳುವ ಹಕ್ಕು ತವರಿಗೆ ಬಂದ ಅಕ್ಕತಂಗಿಯರದು. ಒಮ್ಮೆ ಅವನು ಬಿದ್ದನೆಂದರೆ ಉಳಿದ ಹಿರಿಯರಿಗೆ ಯಾರ ಒತ್ತಾಯವೂ ಬೇಕಾಗುವುದಿಲ್ಲ. ಶ್ರಾವಣದಲ್ಲಿ ಆ ಕಡೆ ಹೋದವರಿಗೆ ದಂಡೆಯ ಕೆಂಪು ಬಂಡೆಯ ಮೇಲೆ ಬಿಳಿಯ ರುಮಾಲುಗಳು ಸಾಲಾಗಿ ಕಾಣಿಸುತ್ತವೆ. ಅವುಗಳ ಯಜಮಾನರು ನೀರಿನಲ್ಲಿರುತ್ತಾರೆ.