ಹಗ್ಗ ಹಿಡಿದ ಭಾವಮೈದುನ

"ಗುರುಗಳೇ, ಬಿದ್ದವನು ತಾನಾಗಿ ಎದ್ದು ನಿಂತು, ನನಗೇನೂ ಆಗಿಲ್ಲ ಎಂದು ನಕ್ಕರೆ, ಅವನನ್ನು ಅಲ್ಲೇ ಬಿಟ್ಟು ಕೂಗಿಕೊಳ್ಳುವವನ ಹತ್ತಿರ ಹೋಗಬಹುದಲ್ಲವೇ?"

ಹೀಗೆ ಕೇಳಿದ ಶಿಷ್ಯ ಗಾಯಾಳುಗಳ ಆರೈಕೆ ಕಲಿಯಲು ಬಂದವನು. ಮರುದಿನದಿಂದ ಘಾಟಿ ರಸ್ತೆಯ ಆಂಬುಲೆನ್ಸಿನಲ್ಲಿ ಅವನಿಗೆ ಕೆಲಸ. ಪ್ರಶ್ನೆ ಕೇಳಿ ಗುರುವಿನ ಮುಖ ಅರಳಿತು. ಅವರಿಗೆ ಉತ್ತರ ಕೊಡುವುದಕ್ಕಿಂತ ಕತೆ ಹೇಳುವುದು ಇಷ್ಟ.

ಒಂದು ಬೆಟ್ಟ. ಬೆಟ್ಟಕ್ಕೊಂದು ಕಡಿದಾದ ಬಂಡೆ. ಬಂಡೆಯ ಹತ್ತಿರ ಒಂದು ಹಟ್ಟಿ. ಯಾವ ಸೀಮೆ ಎಂದು ಕೇಳಬೇಡ ಮಗು, ಕೇಳಿದರೆ ಕತೆ ಅಲ್ಲೇ ಹೋಗಿ ಕೂತುಬಿಡುತ್ತದೆ. ಹಟ್ಟಿಯವರ ಕಸುಬು ಹೆಜ್ಜೇನು ಇಳಿಸುವುದು. ಇಳಿಸುವವನು ಬಳ್ಳಿಯ ಏಣಿ ಹಿಡಿದು ಬಂಡೆಯ ಮೈಗೆ ಇಳಿಯುತ್ತಾನೆ. ಅವನ ನಡುವಿಗೆ ಒಂದು ಹಗ್ಗ. ಹಗ್ಗದ ಇನ್ನೊಂದು ತುದಿ ಬಂಡೆಯ ನೆತ್ತಿಯ ಮೇಲೆ ಕೂತವನ ಕೈಯಲ್ಲಿ. ಆ ಕೈ ಯಾರದ್ದಾಗಿರಬೇಕು, ಹೇಳು? ಅಣ್ಣನದ್ದಲ್ಲ, ತಮ್ಮನದ್ದಲ್ಲ. ಅಣ್ಣತಮ್ಮಂದಿರಿಗೆ ಪಾಲಿನ ಆಸೆ ಇದ್ದೀತು. ಹೆಂಡತಿಯ ತಮ್ಮನದ್ದೇ ಆಗಬೇಕು. ಅಕ್ಕನ ತಾಳಿಯನ್ನು ಯಾವ ತಮ್ಮ ತಾನೇ ಕೈಯಾರೆ ಕೆಳಗೆ ಬಿಟ್ಟಾನು? ಬಲು ಯೋಚನೆಯ ಜನ!

ಹೆಜ್ಜೇನಿನ ಎದುರಿಗೆ ಬಾಯಿ ತೆರೆಯುವಂತಿಲ್ಲ. ಹಾಗಾಗಿ ಅವರ ಮಾತೆಲ್ಲ ಹಗ್ಗದಲ್ಲೇ. ನಿಧಾನವಾಗಿ ಎರಡು ಸಲ ಜಗ್ಗಿದರೆ, ಚೆನ್ನಾಗಿದ್ದೇನೆ ಎಂದು. ಸಣ್ಣಗೆ, ಬೇಗಬೇಗ, ಎಡೆಬಿಡದೆ ಜಗ್ಗಿದರೆ, ಕೆಟ್ಟೆ, ಎಳೆದುಕೋ ಎಂದು. ವರ್ಷಗಟ್ಟಲೆ ಹಗ್ಗ ಹಿಡಿದ ಭಾವಮೈದುನನಿಗೆ ತನ್ನ ಭಾವನ ಮುಖಕ್ಕಿಂತ ಅವನ ಜಗ್ಗೇ ಹೆಚ್ಚು ಪರಿಚಯ.

ಅವರಲ್ಲಿ ಇನ್ನೊಂದು ಕಟ್ಟಳೆಯೂ ಇತ್ತು. ಬಂಡೆಯಿಂದ ಬಿದ್ದವನು ಬದುಕಿದ್ದರೆ ಜೇನು ಬೆರೆಸಿದ ನೀರು ಕುಡಿದು, ತನ್ನ ಕಾಲ ಮೇಲೆ ನಡೆದು ಮನೆಯ ಹೊಸ್ತಿಲು ದಾಟಬೇಕು. ಹೊತ್ತು ಒಯ್ಯುವುದು ಹೆಣವನ್ನು ಮಾತ್ರ. ಜೀವ ಇರುವವನನ್ನು ಹೊತ್ತರೆ ಬಂಡೆ ಮುನಿಯುತ್ತದೆ, ಮುಂದೆ ಜೇನು ಕೊಡುವುದಿಲ್ಲ ಎಂದು ನಂಬಿಕೆ.

ಒಂದು ದಿನ ಏಣಿಯ ಬಳ್ಳಿ ಹರಿಯಿತು. ಭಾವನ ಭಾರವೆಲ್ಲ ಹಗ್ಗಕ್ಕೆ ಬಂತು. ಭಾವಮೈದುನನ ಅಂಗೈಯೊಳಗೆ ಹಗ್ಗ ಸರಸರನೆ ಓಡಿತು. ಚರ್ಮ ಕಿತ್ತುಹೋಯಿತು. ಅವನು ಕೈ ಬಿಡಲಿಲ್ಲ. ಕೆಳಗೆ ಭಾವನ ಎಡಪಕ್ಕೆ ಬಂಡೆಯ ಮೂಗಿಗೆ ಒಮ್ಮೆ ಬಡಿಯಿತು. ಆಮೇಲೆ ಅವನು ತರಗೆಲೆಯ ರಾಶಿಯ ಮೇಲೆ ನಿಂತೇ ಇಳಿದ. ಕನಸಿನಲ್ಲಿ ಇಳಿದವರ ಹಾಗೆ.

ಭಾವಮೈದುನ ಕಾಲುದಾರಿಯಲ್ಲಿ ಓಡಿಬಂದ. ಎರಡೂ ಕೈಯಿಂದ ರಕ್ತ ಸುರಿಯುತ್ತಿತ್ತು. ನೋವಿಗೆ ಅರಚುತ್ತಿದ್ದ. ಹಟ್ಟಿಯೆಲ್ಲ ಅವನನ್ನು ಮುತ್ತಿತು.

"ಏನೋ ಭಾವಮೈದಾ, ಬಿದ್ದವನು ನಾನು, ಅಳುವವನು ನೀನು!" ಎಂದು ಭಾವ ನಕ್ಕ.

"ನಗು ಭಾವ, ನಗು. ನಾಳೆಯಿಂದ ಊಟ ಯಾವ ಕೈಯಲ್ಲಿ ಮಾಡಲಿ?"

"ನಿಮ್ಮಕ್ಕ ತುತ್ತು ಮಾಡಿ ಹಾಕುತ್ತಾಳೆ ಬಿಡು. ನನಗಂತೂ ಒಂದು ದಿನವೂ ಹಾಕಲಿಲ್ಲ."

ಎಲ್ಲರೂ ನಕ್ಕರು. ಭಾವ ಮರಕ್ಕೆ ಒರಗಿ ಕೂತ. ಯಾರೋ ಅರಿಸಿನ ತಂದರು, ಯಾರೋ ಬಟ್ಟೆ ಹರಿದರು, ಎಲ್ಲವೂ ಭಾವಮೈದುನನ ಕೈಗೆ. ಭಾವನ ಮೈಮೇಲೆ ಒಂದು ಗೀರು ಕೂಡ ಇರಲಿಲ್ಲ.

ನಡುಹಗಲು. ಹುಳು ಎಬ್ಬಿಸಲು ಹಾಕಿದ್ದ ಹೊಗೆ ಬಿಸಿಲಿನಲ್ಲಿ ತೂಗುತ್ತಿತ್ತು. ಗಾಳಿಗೆಲ್ಲ ಜೇನಿನ ವಾಸನೆ. ಭಾವ ಕಣ್ಣು ಅರ್ಧ ಮುಚ್ಚಿ, "ಹುಳುಗಳು ಎಷ್ಟು ದೂರದಲ್ಲಿ ಹಾಡುತ್ತಿವೆ" ಎಂದ. ಹುಳುಗಳು ತಲೆಯ ಮೇಲೇ ಇದ್ದವು. ಸ್ವಲ್ಪ ಹೊತ್ತಿಗೆ, "ಸಂಜೆಯಾಯಿತೇ? ಚಳಿ" ಎಂದ. ಆಮೇಲೆ ಆಕಳಿಸಿದ. ಆಮೇಲೆ ನೀರು ಕೇಳಿದ. ಪಾಪ, ದಣಿದಿದ್ದಾನೆ ಎಂದರು ಜನ. ಮುದುಕಿಯೊಬ್ಬಳು ಬಟ್ಟಲಲ್ಲಿ ಜೇನುನೀರು ತಂದಳು. ಇಬ್ಬರು ಅವನ ತೋಳು ಹಿಡಿದು ಎಬ್ಬಿಸಲು ಬಾಗಿದರು.

ಆಗ ಭಾವಮೈದುನನ ಅರಚಾಟ ನಿಂತಿತು. ನಡುಹಗಲಲ್ಲಿ ಚಳಿಯೇ? ಅವನು ಎದ್ದು ಬಂದ. ಅಂಗೈಯಲ್ಲಿ ಚರ್ಮವಿರಲಿಲ್ಲ, ಮುಟ್ಟುವುದು ಹೇಗೆ? ತನ್ನ ಕೆನ್ನೆಯನ್ನು ಭಾವನ ಹಣೆಗೆ ಒತ್ತಿದ. ಹಣೆ ಮುಂಜಾನೆಯ ಬಂಡೆಯ ಹಾಗೆ ತಣ್ಣಗಿತ್ತು, ಬೆವರಿತ್ತು. ತುಟಿ ಬೂದಿಬಣ್ಣ. ಉಸಿರು ಮೇಲೆಮೇಲೆ. ಆಮೇಲೆ ಅವನು ತನ್ನ ಮುಂಗೈಯನ್ನು ಭಾವನ ಕುತ್ತಿಗೆಯ ಪಕ್ಕಕ್ಕೆ ಒತ್ತಿದ. ನಾಡಿ ಹೊಡೆಯುತ್ತಿತ್ತು. ಸಣ್ಣಗೆ, ಬೇಗಬೇಗ, ಎಡೆಬಿಡದೆ.

ಆ ಜಗ್ಗು ಅವನಿಗೆ ಗೊತ್ತಿತ್ತು.

"ನಾನು ಚೆನ್ನಾಗಿದ್ದೇನೆ ಮಾರಾಯ" ಎಂದ ಭಾವ.

"ನಿನ್ನನ್ನು ಯಾರು ಕೇಳಿದರು? ಸುಮ್ಮನೆ ಮಲಗು" ಎಂದು ಭಾವಮೈದುನ ಜೇನುನೀರಿನ ಬಟ್ಟಲನ್ನು ಕಾಲಿನಿಂದ ಒದ್ದ. "ಪೆಟ್ಟು ಒಳಗೆ ಬಿದ್ದಿದೆ. ಎಬ್ಬಿಸಬೇಡಿ, ಕುಡಿಸಬೇಡಿ. ಏಣಿ ತನ್ನಿ, ಇದ್ದಬದ್ದ ಕಂಬಳಿ ಎಲ್ಲ ತನ್ನಿ. ಪಟ್ಟಣದ ಆಸ್ಪತ್ರೆಗೆ ಹೊತ್ತುಕೊಂಡು ಹೋಗೋಣ."

"ಜೀವ ಇರುವವನನ್ನು ಹೊರುವುದೇ? ನಿಮ್ಮಕ್ಕನಿಗೆ ಏನು ಹೇಳುತ್ತೀಯ?" ಎಂದಳು ಮುದುಕಿ.

"ಹೆಣವನ್ನು ಕಾಲು ಮುಂದೆ ಮಾಡಿ ಒಯ್ಯುತ್ತೀರಿ ಅಜ್ಜಿ. ನಾನು ತಲೆ ಮುಂದೆ ಮಾಡಿ ಒಯ್ಯುತ್ತೇನೆ. ಬಂಡೆಗೆ ವ್ಯತ್ಯಾಸ ಗೊತ್ತಾಗದಿದ್ದರೆ ಅದರ ಜೇನೇ ಬೇಡ."

ಮುದುಕಿ ಅವನನ್ನು ನೋಡಿದಳು, ಮಲಗಿದವನನ್ನು ನೋಡಿದಳು. ಆಮೇಲೆ ತನ್ನ ಕಂಬಳಿಯನ್ನೇ ಬಿಚ್ಚಿಕೊಟ್ಟಳು.

ಹರಿದ ಏಣಿಯ ಉಳಿದ ತುಂಡನ್ನು ಎರಡು ಬಿದಿರ ಗಳಕ್ಕೆ ಬಿಗಿದು, ಅದರ ಮೇಲೆ ಭಾವನನ್ನು ಚಪ್ಪಟೆಯಾಗಿ ಮಲಗಿಸಿ, ಹೊದಿಸಿದರು. ಇಳಿಜಾರಿನಲ್ಲಿ ತಲೆ ಮುಂದಾದ್ದರಿಂದ ಕಾಲು ತುಸು ಮೇಲಾಯಿತು. ಕೈಯಲ್ಲಿ ಹಿಡಿಯಲಾಗದ ಭಾವಮೈದುನ ಏಣಿಗೆ ಕಟ್ಟಿದ ಹಗ್ಗವನ್ನು ಹೆಗಲಿಗೆ ಸುತ್ತಿಕೊಂಡ. ದಾರಿಯುದ್ದಕ್ಕೂ ಭಾವ ನೀರು ಬೇಡಿದ. ಭಾವಮೈದುನ ಅಳುತ್ತಲೇ ಇಲ್ಲ ಎಂದ. ತುಟಿಗೆ ಒದ್ದೆ ಬಟ್ಟೆ ಮಾತ್ರ ತಾಗಿಸಿದ. ದಣಿವಾಯಿತು ಎಂದು ಯಾರನ್ನೂ ನಿಲ್ಲಗೊಡಲಿಲ್ಲ.

ಆಸ್ಪತ್ರೆಯಲ್ಲಿ ವೈದ್ಯರು ಹೊಟ್ಟೆ ಕೊಯ್ದು ನೋಡಿದರು. ಎಡಪಕ್ಕೆಯ ಒಳಗೆ ಗುಲ್ಮ ಎಂಬ ರಕ್ತ ತುಂಬಿದ ಅಂಗ ಒಡೆದಿತ್ತು. ರಕ್ತವೆಲ್ಲ ಹೊಟ್ಟೆಯೊಳಗೇ ಹರಿದಿತ್ತು, ಹೊರಗೆ ಒಂದು ಹನಿಯೂ ಬಿದ್ದಿರಲಿಲ್ಲ. ಇದಕ್ಕೆ ಅವರು ಶಾಕ್ ಎನ್ನುತ್ತಾರೆ. ಜನ ಆ ಮಾತು ಕೇಳಿ ಮನಸ್ಸಿಗೆ ಆದ ಪೆಟ್ಟು ಎಂದುಕೊಳ್ಳುತ್ತಾರೆ. ಮನಸ್ಸಿಗಲ್ಲ ಮಗು, ಮೈಗೆ. ಮೈಯ ಮೂಲೆಮೂಲೆಗೆ ಹೋಗಬೇಕಾದ ರಕ್ತ ಸಾಲದೆ ಹೋಗುವುದು. ಇನ್ನೊಂದು ಗಳಿಗೆ ಕೂರಿಸಿಕೊಂಡಿದ್ದರೆ, ನಡೆಸಿದ್ದರೆ, ಇವನು ಇರುತ್ತಿರಲಿಲ್ಲ ಎಂದರು ವೈದ್ಯರು.

ಹದಿನೈದು ದಿನಕ್ಕೆ ಭಾವ ಮನೆಗೆ ಬಂದ. ತನ್ನ ಕಾಲ ಮೇಲೆ ನಡೆದೇ ಹೊಸ್ತಿಲು ದಾಟಿದ. ಅವನ ಹೆಂಡತಿ ಮೊದಲ ತುತ್ತನ್ನು ತಮ್ಮನ ಬಾಯಿಗಿಟ್ಟಳು. ಅವನ ಕೈ ಇನ್ನೂ ಮಾಗಿರಲಿಲ್ಲ.

ಗುರು ಕತೆ ನಿಲ್ಲಿಸಿದರು. ಶಿಷ್ಯ, "ಒಂದು ಅರ್ಥವಾಗಲಿಲ್ಲ ಗುರುಗಳೇ" ಎಂದ. "ಭಾವ ನೆಲ ಮುಟ್ಟಿದ ಮೇಲೆ ಹಗ್ಗ ಹಿಡಿದವನ ಕೆಲಸ ಮುಗಿಯಿತಲ್ಲ? ತನ್ನ ಕೈಯ ಉರಿಯನ್ನೂ ಮರೆತು ಮತ್ತೆ ಅವನ ಹತ್ತಿರ ಏಕೆ ಹೋದ?"

ಗುರು ಹೇಳಿದರು: "ನೆಲ ಮುಟ್ಟಿದ್ದು ಅವನ ಕಾಲು ಮಗು; ಅವನು ಇನ್ನೂ ಬೀಳುತ್ತಲೇ ಇದ್ದ."