ಬಿಗಿ ಹಿಡಿದ ಹಗ್ಗ

"ಬುದ್ಧೀ, ಮಕ್ಕಳಿಗೆ ಸೋಲು ಗೊತ್ತಾಗದ ಹಾಗೆ ಕಲಿಸಿದರೆ ತಪ್ಪೇನು?" ಎಂದು ಮರುಳಸಿದ್ದ ಸ್ವಾಮಿಗಳನ್ನು ಕೇಳಿದ.

ಮಠದ ಪಾಠಶಾಲೆಯಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುವ ಶಿಷ್ಯ ಅವನು. ಮರುದಿನ ಆ ಮಕ್ಕಳು ಮೊದಲ ಸಲ ಊರವರ ಮುಂದೆ ಹಾಡುವವರಿದ್ದರು. ಅಭ್ಯಾಸದಲ್ಲಿ ಮಕ್ಕಳು ಎಡವಿದ ಕಡೆಯೆಲ್ಲ ಅವನು ಹಾರ್ಮೋನಿಯಂ ಜೋರು ಮಾಡಿ, ತಾನೂ ದನಿ ಏರಿಸಿ, ತಪ್ಪು ಕೇಳಿಸದಂತೆ ಮುಚ್ಚಿಬಿಡುತ್ತಿದ್ದ. ಇದು ಮೋಸವೆಂದು ಹಿರಿಯ ಶಿಷ್ಯರೊಬ್ಬರು ಆಡಿ ತೋರಿಸಿದ್ದರು. ಮರುಳಸಿದ್ದನಿಗೆ ಅದು ನಾಟಿತ್ತು. ಮಕ್ಕಳಿಗೆ ಧೈರ್ಯ ಬರಲಿ ಎಂದು ಮಾಡುವುದರಲ್ಲಿ ಮೋಸ ಎಲ್ಲಿಂದ ಬಂತು ಎಂಬುದು ಅವನ ವಾದ.

ಸ್ವಾಮಿಗಳು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಕೂತುಕೋ ಎಂದು ಕೈಯಲ್ಲೇ ತೋರಿಸಿ ಕತೆ ಶುರು ಮಾಡಿದರು.

ಒಬ್ಬ ಗೃಹಸ್ಥನಿದ್ದ. ಹೆಸರು ಬೇಡ. ಹೆಸರು ಹೇಳಿದರೆ ನೀನು ಅವನ ಊರು, ಮನೆತನ ಎಲ್ಲ ವಿಚಾರಿಸುತ್ತಾ ಕೂರುತ್ತೀಯ, ಕತೆ ಅಲ್ಲೇ ಉಳಿಯುತ್ತದೆ. ಅವನಿಗೆ ಬಂಡೆ ಹತ್ತುವ ಹುಚ್ಚು. ಮದುವೆಗೆ ಮುಂಚೆ ಎರಡು ದಿನ ರಜೆ ಸಿಕ್ಕಿತೆಂದರೆ ಸಾಕು, ಹಗ್ಗ ಹೆಗಲಿಗೆ ಹಾಕಿಕೊಂಡು ಹೊರಡುತ್ತಿದ್ದ. ಹೆಂಡತಿ ಸಿಕ್ಕಿದ್ದೂ ಒಂದು ಬಂಡೆಯ ಬುಡದಲ್ಲೇ. ಅವಳೂ ಹತ್ತುವವಳು, ಅವನಿಗಿಂತ ಒಂದು ಕೈ ಮೇಲೆ. ಆಮೇಲೆ ಮಕ್ಕಳಾದವು, ಹಗ್ಗ ಅಟ್ಟ ಸೇರಿತು. ಮಗಳಿಗೆ ಏಳು ತುಂಬಿ ಮಗನಿಗೆ ನಾಲ್ಕಾದಾಗ, ಇನ್ನು ಮಕ್ಕಳನ್ನೂ ಕರೆದುಕೊಂಡು ಹೋಗಬಹುದು ಎಂದು ಅವನಿಗೆ ಅನ್ನಿಸಿತು. ಹಳೆಯ ಹಗ್ಗವನ್ನು ನಂಬುವ ಹಾಗಿಲ್ಲವೆಂದು ಹೊಸದು ತಂದ.

ನಾಲ್ಕು ದಿನದ ಪ್ರವಾಸಕ್ಕೆ ಗಂಡ ಹೆಂಡತಿ ಒಂದು ತಿಂಗಳು ಯೋಚನೆ ಮಾಡಿದರು. ನಗಬೇಡ, ಚಿಕ್ಕ ಮಕ್ಕಳ ಜೊತೆ ಹೊರಟವರಿಗೆ ಗೊತ್ತು ಅದರ ಕಷ್ಟ. ಹೆಂಡತಿ ಒಂದು ಹಾಳೆಯಲ್ಲಿ ಬರೆಯುತ್ತಾ ಹೋದಳು. ಯಾವ ಬಂಡೆಗೆ ಎಷ್ಟು ಹೊತ್ತಿನವರೆಗೆ ನೆರಳು, ಯಾವುದರ ಬುಡ ಮಟ್ಟಸವಾಗಿದೆ, ಯಾವುದರಲ್ಲಿ ಹೆಜ್ಜೇನು ಕಟ್ಟಿದೆ. ಮಗ ಊಟವಾದ ಮೇಲೆ ಮಲಗಲೇಬೇಕು, ಇಲ್ಲದಿದ್ದರೆ ಸಂಜೆ ಯಾರಿಗೂ ನೆಮ್ಮದಿ ಇಲ್ಲ. ಮೊದಲ ಎರಡು ದಿನ ಹಗ್ಗ ಮುಟ್ಟುವ ಹಾಗಿಲ್ಲ, ಮೊಣಕಾಲೆತ್ತರದ ಗುಂಡುಕಲ್ಲುಗಳ ಮೇಲೆ ಹತ್ತಿ ಇಳಿದು ಆಡಲಿ. ಮಗು ಸಾಕು ಅಂದರೆ ಅಲ್ಲಿಗೆ ಸಾಕು. ಇದನ್ನು ಅವಳು ಎರಡು ಸಲ ಗೆರೆ ಎಳೆದು ಬರೆದಳು.

ಗಂಡ ಎಲ್ಲಕ್ಕೂ ತಲೆಯಾಡಿಸಿದ. ಆದರೆ ಹಾಳೆಯಲ್ಲಿ ಇಲ್ಲದ ಒಂದು ಸಾಲು ಅವನ ಮನಸ್ಸಿನಲ್ಲಿತ್ತು. ಅಲ್ಲೊಂದು ಬಂಡೆಯಿದೆ, ಅದರ ನೆತ್ತಿಯಲ್ಲಿ ಒಂದು ಕಬ್ಬಿಣದ ಬಳೆ ಹೊಡೆದಿದ್ದಾರೆ. ಮೂರನೆಯ ದಿನ ಮಗಳು ಆ ಬಳೆ ಮುಟ್ಟಬೇಕು. ಮೊದಲ ಸಲವೇ ಸೋತು ಇಳಿದರೆ ಹುಡುಗಿಗೆ ಬಂಡೆ ಎಂದರೆ ಬೇಡವಾಗಿಬಿಡುತ್ತದೆ, ತನ್ನ ಹಗ್ಗ ಮತ್ತೆ ಅಟ್ಟ ಸೇರುತ್ತದೆ ಎಂಬ ಭಯ ಅವನಿಗೆ. ಅದೂ ಅಲ್ಲದೆ ತನ್ನ ಹಳೆಯ ಗೆಳೆಯರಿಗೆಲ್ಲ, ನೋಡುತ್ತಿರಿ, ಮಗಳು ಬಳೆ ಮುಟ್ಟಿದ ಫೋಟೋ ಕಳಿಸುತ್ತೇನೆ ಎಂದು ಹೇಳಿಯೂ ಆಗಿತ್ತು.

ಮೊದಲ ಎರಡು ದಿನ ಹಾಳೆಯಂತೆಯೇ ನಡೆದವು. ಮಗ ಮಣ್ಣಿನಲ್ಲಿ ಉರುಳಾಡಿದ, ಮಗಳು ಗುಂಡಿನಿಂದ ಗುಂಡಿಗೆ ಓಡಾಡಿದಳು. ಮೂರನೆಯ ದಿನ ಹಗ್ಗ ಬಿಚ್ಚಿದರು.

ಆ ಹಗ್ಗದ ರೀತಿ ನಿನಗೆ ಗೊತ್ತಿರಲಿಕ್ಕಿಲ್ಲ. ಅದು ಕೆಳಗಿನಿಂದ ಹೋಗಿ ಮೇಲಿನ ಬಳೆಯಲ್ಲಿ ತೂರಿ ಮತ್ತೆ ಕೆಳಗೆ ಬರುತ್ತದೆ. ಒಂದು ತುದಿ ಹತ್ತುವವರ ಸೊಂಟಕ್ಕೆ, ಇನ್ನೊಂದು ಕೆಳಗೆ ನಿಂತವರ ಕೈಗೆ. ಹತ್ತುವವರು ಜಾರಿದರೆ ಕೆಳಗಿನವರು ಹಿಡಿಯಬೇಕು. ಅವರ ಕೆಲಸ ಅಷ್ಟೇ. ಎಳೆಯಬಾರದು.

ಹುಡುಗಿ ನಾಲ್ಕು ಹಿಡಿ ಹತ್ತಿದಳು. ಹಿಡಿ ಎಂದರೆ ಬಂಡೆಯಲ್ಲಿ ಕೈಗೆ ಸಿಗುವ ಬಿರುಕು, ಉಬ್ಬು. ಅಪ್ಪನ ಎದೆಯೆತ್ತರಕ್ಕೆ ಅವಳ ಕಾಲು ಬಂತು. ಐದನೆಯ ಹಿಡಿಗೆ ಕೈ ಚಾಚಿದಳು, ಸಿಗಲಿಲ್ಲ. ತಿರುಗಿ ಕೆಳಗೆ ನೋಡಿದಳು. ಇನ್ನೇನು ಸಾಕು ಅನ್ನಬೇಕು, ಅಷ್ಟರಲ್ಲಿ ಅಪ್ಪ ಹಿಂದಕ್ಕೆ ವಾಲಿ ಹಗ್ಗವನ್ನು ಒಂದು ಗೇಣು ಎಳೆದ. ಹುಡುಗಿ ಒಂದು ಗೇಣು ಮೇಲೆ ಹೋದಳು. ಕೈಗೆ ಹಿಡಿ ಸಿಕ್ಕಿತು. ಅವನು ಇನ್ನೊಂದು ಗೇಣು ಎಳೆದ. ಮುಟಿಗೆಯಷ್ಟು ಮಗು, ಭಾರವೆಷ್ಟಿದ್ದೀತು? ಹೀಗೆ ಎಳೆಯುತ್ತಾ ಎಳೆಯುತ್ತಾ ಮಗಳು ಬಳೆ ಮುಟ್ಟಿದಳು. ಪಕ್ಕದ ಬಂಡೆಯವರೆಲ್ಲ ಚಪ್ಪಾಳೆ ತಟ್ಟಿದರು. ಗೆಳೆಯರಿಗೆ ಫೋಟೋ ಹೋಯಿತು. ಅಪ್ಪನ ಕಣ್ಣಲ್ಲಿ ನೀರೇ ಬಂತು. ಪಾಪ, ಅದು ಸುಳ್ಳು ನೀರಲ್ಲ.

ಹೆಂಡತಿ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಮೊಸರನ್ನ ಬಡಿಸುವಾಗ ಅವನೇ ಮಾತು ತೆಗೆದ. ಒಂಚೂರು ಆಸರೆ ಕೊಟ್ಟೆ ಅಷ್ಟೇ, ಅವಳ ಮುಖ ನೋಡಲಿಲ್ಲವೇ ಎಂದ. ಮುಖವನ್ನೂ ನೋಡಿದೆ, ಹಗ್ಗ ಎಳೆದ ಕೈಯನ್ನೂ ನೋಡಿದೆ ಎಂದು ಅವಳು ಅನ್ನ ಬಡಿಸಿದಳು.

ನಾಲ್ಕನೆಯ ದಿನ ಬೆಳಿಗ್ಗೆ ಅವನು ತಾವು ತಂಗಿದ್ದ ಕೋಣೆಯ ಮುಂದೆ ಹಗ್ಗ ಸುತ್ತುತ್ತಿದ್ದ, ಹೆಂಡತಿ ಒಳಗೆ ಬುತ್ತಿ ಕಟ್ಟುತ್ತಿದ್ದಳು. ಮಕ್ಕಳು ಅವಳ ಹತ್ತಿರ ಇವೆ ಎಂದು ಅವನು, ಅವನ ಹತ್ತಿರ ಇವೆ ಎಂದು ಅವಳು. ಹಾಗಿರುವಾಗ ಮಗ ಹಿತ್ತಲ ಕಡೆಯಿಂದ ಬಂದ. ಅಕ್ಕ ಎಲ್ಲೋ ಎಂದರೆ, ಬಂಡೆ ಮೇಲೆ ಎಂದ. ಹಗ್ಗ ಬೇಡವಂತೆ, ಕೈ ಇಟ್ಟರೆ ಸಾಕಂತೆ, ಬಂಡೆಯೇ ಮೇಲೆ ಎತ್ತುತ್ತದಂತೆ ಎಂದು ಬಹಳ ಹೆಮ್ಮೆಯಿಂದ ಹೇಳಿದ.

ಅವನ ಕೈಯಿಂದ ಹಗ್ಗ ಬಿತ್ತು. ಓಡಿದ. ಹಿತ್ತಲಾಚೆಯ ಇಳಿಜಾರು ಬಂಡೆಯ ಮೇಲೆ, ಎರಡಾಳೆತ್ತರದಲ್ಲಿ, ಮಗಳು ಹೊಟ್ಟೆ ಒತ್ತಿ ಅಂಟಿಕೊಂಡಿದ್ದಳು. ಕೆಳಗೆಲ್ಲ ಒಡೆದ ಕಲ್ಲು. ಅವಳ ಒಂದು ಕಾಲು ಊರಲು ಜಾಗ ಹುಡುಕಿ ಬಂಡೆ ಕೆರೆಯುತ್ತಿತ್ತು. ಅಪ್ಪನ ಸದ್ದು ಕೇಳಿ, ಮುಖ ತಿರುಗಿಸದೆ, ಸಣ್ಣ ದನಿಯಲ್ಲಿ ಹೇಳಿದಳು.

"ಅಪ್ಪಾ, ಈ ಬಂಡೆ ಎತ್ತುತ್ತಾನೇ ಇಲ್ಲ."

ಅವನು ಚಪ್ಪಲಿ ಕಿತ್ತೆಸೆದ. ಬರಿಗಾಲಲ್ಲಿ ಹತ್ತಿ ಮಗಳ ಬೆನ್ನಿಗೆ ತನ್ನ ಎದೆ ಕೊಟ್ಟು ನಿಂತ. ಅವಳ ಪಾದವನ್ನು ಕೈಯಲ್ಲಿ ಹಿಡಿದು ಒಂದೊಂದೇ ಹೆಜ್ಜೆ ಕೆಳಗಿಟ್ಟ. ಕೆಳಗೆ ಹೆಂಡತಿ ಎರಡೂ ಕೈ ಎತ್ತಿ ನಿಂತಿದ್ದಳು. ಮಗಳ ಕಾಲು ನೆಲ ಮುಟ್ಟಿದ ಮೇಲೆ ಅವನು ಅವಳನ್ನು ಬೈಯಲು ಹೋದವನು ಅವಳ ಮೊಣಕಾಲಿನ ಮಣ್ಣು ಒರೆಸಿದ. ಬೈಗುಳಕ್ಕೆ ಯಾರು ಅರ್ಹರು ಎಂದು ಅವನಿಗೆ ಗೊತ್ತಿತ್ತು.

ಆಮೇಲೆ ಅವನು ಒಂದು ಕಷ್ಟದ ಕೆಲಸ ಮಾಡಿದ, ಮರುಳಸಿದ್ದ. ಎಳೆಯುವುದಕ್ಕಿಂತ ಕಷ್ಟದ್ದು. ನಿನ್ನೆ ನಿನ್ನನ್ನು ಎತ್ತಿದ್ದು ಬಂಡೆಯಲ್ಲ, ನಾನು ಎಂದು ಮಗಳಿಗೆ ಹೇಳಿದ. 

"ಹಾಗಾದ್ರೆ ನಾನು ಎಲ್ಲೀವರೆಗೆ ಹತ್ತಿದ್ದು?" ಎಂದು ಕೇಳಿದಳು.

ಅವಳನ್ನು ಬಳೆಯ ಬಂಡೆಯ ಹತ್ತಿರ ಕರೆದುಕೊಂಡು ಹೋಗಿ, ನಾಲ್ಕನೆಯ ಹಿಡಿಯ ಮೇಲೆ ಬೆರಳಿಟ್ಟು ತೋರಿಸಿದ. ಬಳೆ ಎಲ್ಲೋ ಮೇಲಿತ್ತು. ಹುಡುಗಿ ಅತ್ತಳು. ದಿನವೆಲ್ಲ ಬಂಡೆಯ ಕಡೆಗೆ ಬೆನ್ನು ಹಾಕಿ ಕೂತು, ತಮ್ಮನ ಜೊತೆ ಕಲ್ಲು ಜೋಡಿಸಿದಳು.  ಅಪ್ಪ ಯಾವುದನ್ನು ತಪ್ಪಿಸಲು ಹೋಗಿದ್ದನೋ ಅದೇ ಆಯಿತು. ಇನ್ನು ಹಗ್ಗಕ್ಕೆ ಅಟ್ಟವೇ ಗತಿ ಎಂದುಕೊಂಡು, ಗೆಳೆಯರಿಗೆ, ಆ ಫೋಟೋ ಸುಳ್ಳು ಎಂದು ತಾನೇ ಬರೆದು ಕಳಿಸಿದ.

ಬಿಸಿಲು ಇಳಿಯಿತು. ಸಾಮಾನು ಕಟ್ಟುವಾಗ ಮಗಳು ಹೆಲ್ಮೆಟ್ ಹಾಕಿಕೊಂಡು ಬಂದು ಎದುರು ನಿಂತಳು. ಹಗ್ಗ ಕಟ್ಟು, ಎಳೀಬೇಡ ಎಂದಳು. ಅವನು ಕಟ್ಟಿದ. ಹೆಂಡತಿ ಅವನ ಪಕ್ಕದಲ್ಲೇ ನಿಂತಳು, ಮಗಳಿಗಿಂತ ಹೆಚ್ಚಾಗಿ ಅವನ ಮೇಲೆ ಕಣ್ಣಿಟ್ಟು. ಹುಡುಗಿ ನಾಲ್ಕು ಹಿಡಿ ಹತ್ತಿದಳು. ಐದನೆಯದಕ್ಕೆ ಕೈ ಚಾಚಿದಳು, ಸಿಗಲಿಲ್ಲ. ಇನ್ನೊಮ್ಮೆ ಚಾಚಿದಳು, ಜಾರಿದಳು. ಹಗ್ಗ ಹಿಡಿಯಿತು. ಎಳೆಯಬೇಕೆಂದು ಅವನ ಕೈ ತುರಿಸಿತು. ಎಳೆಯಲಿಲ್ಲ. ಇಳಿಸು ಎಂದಳು, ಇಳಿಸಿದ. ನೆಲದ ಮೇಲೆ ನಿಂತು ಅಂಗೈಯ ಮಣ್ಣನ್ನು ಚಡ್ಡಿಗೆ ಒರೆಸಿಕೊಂಡು, ಮತ್ತೆ ಯಾವಾಗ ಬರೋಣ ಎಂದು ಕೇಳಿದಳು.

ಸ್ವಾಮಿಗಳು ಕತೆ ನಿಲ್ಲಿಸಿದರು. ಪಾಠಶಾಲೆಯ ಕಡೆಯಿಂದ ಮಕ್ಕಳ ಗಲಾಟೆ ಕೇಳುತ್ತಿತ್ತು. ಮರುಳಸಿದ್ದನಿಗೆ ಕತೆ ಹಿಡಿಸಿತ್ತು, ಆದರೂ ಮನಸ್ಸು ಒಪ್ಪಲಿಲ್ಲ.

"ಅದು ಸರಿ ಬುದ್ಧೀ, ಆದರೆ ನಾಳೆ ಅಷ್ಟು ಜನರ ಮುಂದೆ ಮಕ್ಕಳ ಹಾಡು ನಡುವೆ ನಿಂತುಬಿಟ್ಟರೆ?" ಎಂದ.

ಸ್ವಾಮಿಗಳು ಅವನ ಮುಖವನ್ನೇ ನೋಡಿ ಕೇಳಿದರು.

"ನಿಂತರೆ ನಾಚಿಕೆಯಾಗುವುದು ಮಕ್ಕಳಿಗೋ, ನಿನಗೋ?"